ಹೆಬ್ಬೆರಳು ಒತ್ತಿದವರೆಲ್ಲ ಬರ್ತಾರಂತಲ್ಲ

"ನಾಳೆ ಮುಂಜಾನೆ ಆರಕ್ಕ ಕಾಲುವಿ ಹೂಳು ತೆಗಿಯಾಕ ಎಲ್ಲಾರೂ ಬರ್ರಿ" ಅಂತ ಸಿಂಧನೂರು ಕಡೆಯ ರೈತರ ವಾಟ್ಸಾಪ್ ಗ್ರೂಪಿನಲ್ಲಿ ಹಾಕಿದರೆ ಮೆಸೇಜಿನ ಕೆಳಗೆ ಸಾಲಾಗಿ ಹೆಬ್ಬೆರಳಿನ ಗುರುತು (👍) ಬೀಳುತ್ತವೆ. ಬರುವವರು, ಬರೀ ಓದಿದವರು, ಹಿರಿಯರು ಹಾಕಿದ್ದಾರೆ ಅಂತ ಮರ್ಯಾದೆಗೆ ಒತ್ತಿದವರು, ಎಲ್ಲರೂ ಅದರಲ್ಲೇ. ಅದನ್ನು ಎಣಿಸಿ ಮಂಡಕ್ಕಿ, ಮಿರ್ಚಿ ತರಿಸಬೇಡಿ. ತಲೆ ಲೆಕ್ಕ ಬೇಕಿದ್ದರೆ ಗ್ರೂಪಿನಲ್ಲೇ ಪೋಲ್ ಹಾಕಿ, ಅಂದರೆ ಆಯ್ಕೆ ಕೊಟ್ಟು ಕೇಳುವ ಪ್ರಶ್ನೆ. "ಬರ್ತೀನಿ", "ಆಗಲ್ಲ" ಎರಡೇ ಆಯ್ಕೆ ಇರಲಿ. ಒಂದಕ್ಕಿಂತ ಹೆಚ್ಚು ಉತ್ತರ ಕೊಡುವ ಸೌಲಭ್ಯ ಆಫ್ ಮಾಡಿ, ಇಲ್ಲವಾದರೆ ಕೆಲವರು ಎರಡನ್ನೂ ಒತ್ತಿಬಿಡುತ್ತಾರೆ.

ಹೀಗೆ ಮೆಸೇಜಿಗೆ ಗುರುತು ಒತ್ತುವುದಕ್ಕೆ ರಿಯಾಕ್ಷನ್ ಅನ್ನುತ್ತಾರೆ, ವಾಟ್ಸಾಪಿಗೆ ಅದು ಬಂದದ್ದು 2022ರಲ್ಲಿ. ಒಂದು ಮೆಸೇಜಿಗೆ ಒಬ್ಬರದು ಒಂದೇ. ಇನ್ನೊಂದು ಒತ್ತಿದರೆ ಮೊದಲಿನದು ಹೋಗುತ್ತದೆ. ರಿಯಾಕ್ಷನ್ ಹೊಸ ಮೆಸೇಜಿನಂತೆ ಕೆಳಗೆ ಬರುವುದೂ ಇಲ್ಲ. "ಯಾರ ಹತ್ರ ಔಷಧಿ ಹೊಡಿಯೋ ಪಂಪ್ ಐತ್ರಿ?" ಅಂದವರಿಗೆ ಹೆಬ್ಬೆರಳಿನಿಂದ ಏನು ತಿಳಿಯಬೇಕು? ಹೆಸರು, ಊರು ಟೈಪ್ ಮಾಡಿ.

ನನಗೆ ನಿಜಕ್ಕೂ ಸಂಕಟವಾಗುವುದು ಸಾವಿನ ಸುದ್ದಿಯಲ್ಲಿ. ಕಣ್ಣೀರು ಬರುವಷ್ಟು ನಗುವ ಮುಖವನ್ನು ಅಳುವ ಮುಖ ಅಂತ ತಿಳಿದು ಎಷ್ಟೋ ಹಿರಿಯರು ಒತ್ತುತ್ತಾರೆ. ಸಣ್ಣ ಪರದೆಯಲ್ಲಿ ಎರಡಕ್ಕೂ ನೀಲಿ ಹನಿ ಕಾಣುತ್ತದೆ. ನಕ್ಕಿದ್ದರೆ ಬಾಯಿ ಅಗಲ, ಹಲ್ಲು ಕಾಣುತ್ತವೆ. ಅತ್ತಿದ್ದರೆ ಬಾಯಿ ಕೆಳಗೆ ಬಾಗಿರುತ್ತದೆ. ತಪ್ಪಾಗಿದ್ದರೆ ಮೆಸೇಜಿನ ಕೆಳಗಿನ ಆ ಗುರುತನ್ನು ಒತ್ತಿ, ತೆರೆದ ಪಟ್ಟಿಯಲ್ಲಿ ನಿಮ್ಮ ಹೆಸರನ್ನು ಮುಟ್ಟಿದರೆ ಹೋಗುತ್ತದೆ. ಆದರೆ ಅಷ್ಟರಲ್ಲಿ ಮನೆಯವರು ನೋಡಿರಬಹುದು, ಒಂದು ಫೋನ್ ಮಾಡಿ ಮಾತಾಡಿ.