ಮಾವ ನೋಡಿದ ಗ್ರೆಗರಿ ಪೆಕ್

ನಮ್ಮ ಮಾವನ ಹತ್ರ ಒಂದು ಕಥೆ ಉಂಟು, ನಲವತ್ತು ವರ್ಷಕ್ಕೂ ಮೇಲಾಯ್ತು, ಮನೆಯಲ್ಲಿ ಇವತ್ತಿಗೂ ಒಬ್ಬರೂ ನಂಬಿದ್ದಿಲ್ಲ. ಅವರು ಹಾಲಿವುಡ್ಡಿನ ಹೀರೋ ಗ್ರೆಗರಿ ಪೆಕ್ಕನ್ನು ಕಣ್ಣಾರೆ ನೋಡಿದ್ದಾರಂತೆ. ಅಮೇರಿಕದಲ್ಲೆಲ್ಲ ಅಲ್ಲ ಮಾರಾಯ್ರೆ, ಗೋವಾದ ವಾಸ್ಕೋದಲ್ಲಿ.

ಉಡುಪಿ ಕಡೆಯ ಹುಡುಗರೆಲ್ಲ ಹೋಟೆಲ್ ಕೆಲಸಕ್ಕೆ ಊರು ಬಿಡ್ತಿದ್ದ ಕಾಲ ಅದು, ಮಾವ ವಾಸ್ಕೋದ ಒಂದು ಹೋಟೆಲಿಗೆ ಕ್ಲೀನರ್ ಆಗಿ ಸೇರಿ ಆಗಷ್ಟೇ ಸಪ್ಲೈಯರ್ ಆಗಿದ್ದರು. ಬಂದರಿನ ಹತ್ರ ಇಂಗ್ಲಿಷ್ ಸಿನಿಮಾ ಶೂಟಿಂಗ್ ನಡೀತಾ ಉಂಟು ಅಂತ ಯಾರೋ ಹೇಳಿದರು, ಮಧ್ಯಾಹ್ನ ಊಟದ ರಶ್ ಮುಗಿದ ಮೇಲೆ ಇವರೂ ಇನ್ನೊಬ್ಬ ಹುಡುಗನೂ ಹೋದರು, ಹಗ್ಗದ ಆಚೆ ಬಿಡ್ಲಿಲ್ಲ, ದೂರದಿಂದ ನೋಡಿದ್ದು. ಅಲ್ಲಿ ಕೊಡೆಯ ಅಡಿಯಲ್ಲಿ ಕುರ್ಚಿ ಹಾಕಿ ಉದ್ದದ ಒಬ್ಬ ಜನ ಕೂತಿದ್ದ. "ಒಂದು ಗಂಟೆ ನಿಂತು ನೋಡಿದೆ ಮಾರಾಯ, ಆ ಜನ ಕಾಲಿನ ಮೇಲೆ ಹಾಕಿದ ಕಾಲು ತೆಗೀಲಿಲ್ಲ. ಆ ಸೆಕೆಗೆ ಉಳಿದವರೆಲ್ಲ ಬೀಸಣಿಗೆ ಬೀಸಿಕೊಂಡು ಒದ್ದಾಡ್ತಿದ್ದರು. ಇವ ಬೆವರು ಸಹ ಒರೆಸ್ಲಿಲ್ಲ." ಇದಿಷ್ಟೇ ಕಥೆ. ಆಟೋಗ್ರಾಫ್ ಇಲ್ಲ, ಫೋಟೋ ಇಲ್ಲ. ಯಾವುದೋ ಬಿಳಿ ಟೂರಿಸ್ಟ್ ಇರಬೇಕು ಅಂತ ನಮ್ಮ ಅಮ್ಮ ಈಗಲೂ ನಗ್ತಾರೆ.

ಆದರೆ ಸಿನಿಮಾ ಸುಳ್ಳಲ್ಲ. 1980ರಲ್ಲಿ ಬಂದ 'ದಿ ಸೀ ವೂಲ್ವ್ಸ್', ಗ್ರೆಗರಿ ಪೆಕ್, ರೋಜರ್ ಮೂರ್, ಡೇವಿಡ್ ನಿವೆನ್ ಮೂರು ಜನ, ಶೂಟಿಂಗ್ ಗೋವಾದಲ್ಲೇ. ಕಥೆ ಕೂಡ ನಿಜವಾಗಿ ನಡೆದದ್ದು, 1943ರ ಮಾರ್ಚಿನಲ್ಲಿ. ಆಗ ಗೋವಾ ಪೋರ್ಚುಗೀಸರದ್ದು, ಯುದ್ಧದಲ್ಲಿ ಅವರು ಯಾವ ಪಕ್ಷವೂ ಅಲ್ಲ, ಹಾಗಾಗಿ ಮುರ್ಮುಗೋವಾ ಬಂದರಿನಲ್ಲಿ ಜರ್ಮನ್ ಹಡಗು ಏರೆನ್‌ಫೆಲ್ಸ್ ಆರಾಮದಲ್ಲಿ ನಿಂತಿತ್ತು, ಅದರ ಒಳಗಿಂದ ರೇಡಿಯೋದಲ್ಲಿ ಜರ್ಮನ್ ಸಬ್‌ಮರೀನುಗಳಿಗೆ ಸುದ್ದಿ ಹೋಗ್ತಿತ್ತು ಅಂತ ಬ್ರಿಟಿಷರಿಗೆ ಗುಮಾನಿ. ಸೈನ್ಯ ಕಳಿಸಿದರೆ ದೊಡ್ಡ ರಂಪ ಆಗ್ತದೆ, ಅದಕ್ಕೆ ಕಲ್ಕತ್ತಾ ಲೈಟ್ ಹಾರ್ಸ್ ಅಂತ ಒಂದು ಪಡೆಯ, ಆಫೀಸು ಕೆಲಸ ಮಾಡಿಕೊಂಡು ಸಂಜೆ ಕ್ಲಬ್ಬಿನಲ್ಲಿ ಕೂರ್ತಿದ್ದ ವಯಸ್ಸಾದ ಸಾಹೇಬರುಗಳನ್ನು ಒಂದು ಹಳೇ ಬಾರ್ಜಿಗೆ ಹತ್ತಿಸಿ ಕಳಿಸಿದರು. ಆ ಬಾರ್ಜು ಕೊಚ್ಚಿಯಿಂದ ಗೋವಾಕ್ಕೆ ಹೋಗುವಾಗ ನಮ್ಮ ಮಂಗಳೂರು, ಮಲ್ಪೆ ಎದುರಿನ ಸಮುದ್ರದಲ್ಲೇ ಹೋಗಿರಬೇಕಲ್ಲ, ಬೇರೆ ದಾರಿ ಎಲ್ಲುಂಟು! ನಮ್ಮವರು ಯಾರಾದರೂ ದೋಣಿಯಿಂದ ನೋಡಿ ಯಾವುದೋ ದರಿದ್ರ ಹಡಗು ಅಂದುಕೊಂಡಿರಬಹುದು.

ಮಾವನಿಗೆ ಪೆಕ್ಕಿನ ಮುಖ ಗುರುತು ಹತ್ತಿದ್ದು ಹೇಗೆ? 'ಮೆಕೆನ್ನಾಸ್ ಗೋಲ್ಡ್'. ಅಮೇರಿಕದಲ್ಲಿ 1969ರಲ್ಲಿ ರಿಲೀಸ್ ಆಗಿ ಅಲ್ಲಿ ನೆಲಕಚ್ಚಿದ ಸಿನಿಮಾ, ನಮ್ಮ ದೇಶದಲ್ಲಿ ಮಾತ್ರ ವರ್ಷಗಟ್ಟಲೆ ಓಡಿತು, ತಿರುಗಿ ತಿರುಗಿ ಹಾಕ್ತಿದ್ದರು, ಇಂಗ್ಲಿಷ್ ಒಂದಕ್ಷರ ಬಾರದವರೂ ನೋಡಿದ್ದಾರೆ. ಮಾವ ಸಣ್ಣವರಿರುವಾಗ ಮಂಗಳೂರಿಗೆ ಬಸ್ಸಿನಲ್ಲಿ ಹೋಗಿ ನೋಡಿದ್ದು, ಯಾವ ಥಿಯೇಟರ್ ಅಂತ ಕೇಳಿದರೆ ಮಾವ ಜ್ಯೋತಿ ಅಂತಾರೆ, ಒಟ್ಟಿಗೆ ಹೋದ ಅವರ ಫ್ರೆಂಡ್ ಸೆಂಟ್ರಲ್ ಅಂತಾರೆ, ಈ ಜಗಳ ಇಬ್ಬರಲ್ಲಿ ಒಬ್ಬರು ಇರುವವರೆಗೂ ಮುಗಿಯುವುದಿಲ್ಲ. ಚಿನ್ನದ ಕಣಿವೆಯ ಮ್ಯಾಪನ್ನು ಮಾರ್ಷಲ್ ಮೆಕೆನ್ನಾ ಒಮ್ಮೆ ನೋಡಿ ಸುಟ್ಟು ಹಾಕ್ತಾನೆ, ಈಗ ದಾರಿ ಇರುವುದು ಅವನ ತಲೆಯಲ್ಲಿ ಮಾತ್ರ, ಹಾಗಾಗಿ ಡಕಾಯಿತ ಒಮರ್ ಶರೀಫ್ ಇವನನ್ನು ಕೊಲ್ಲುವ ಹಾಗೂ ಇಲ್ಲ ಬಿಡುವ ಹಾಗೂ ಇಲ್ಲ. ಬೆಳಿಗ್ಗೆ ಸೂರ್ಯ ಹುಟ್ಟುವಾಗ ಆ ಕಲ್ಲಿನ ಕಂಬದ ನೆರಳು ಉದ್ದ ಆಗ್ತಾ ಆಗ್ತಾ ಹೋಗಿ ಕಣಿವೆಯ ಬಾಯಿ ತೋರಿಸುವುದು, ಅದನ್ನು ಹೇಳುವಾಗ ಮಾವ ಈಗಲೂ ಕೈ ಚಾಚಿ ನೆರಳು ಮಾಡ್ತಾರೆ. ಕೊನೆಗೆ ಇಡೀ ಬೆಟ್ಟ ಕುಸಿದು ಎಲ್ಲರ ಚಿನ್ನ ಹೋದ ಮೇಲೆ ಮೆಕೆನ್ನಾ ಹತ್ತಿದ ಕುದುರೆಯ ಚೀಲದಲ್ಲಿ ಮಾತ್ರ ಚಿನ್ನ ಉಳಿದಿರ್ತದೆ, ಅವನಿಗೇ ಗೊತ್ತಿರುವುದಿಲ್ಲ. ನಿಜ ಹೇಳಬೇಕಾದರೆ ಸಿನಿಮಾ ಅಷ್ಟಕ್ಕಷ್ಟೇ. ಆದರೆ ಸುತ್ತ ಎಲ್ಲರೂ ಚಿನ್ನ ಚಿನ್ನ ಅಂತ ಹುಚ್ಚು ಕುಣಿಯುವಾಗ ಒಬ್ಬ ಮಾತ್ರ ಕುಣಿಯುವುದಿಲ್ಲ, ಅದೇ ಪೆಕ್.

ಅಲ್ಲಿಂದಲೇ ನನಗೂ ಹಿಡಿದದ್ದು. ಮಾವ ಹೇಳುವ ಆ ಕುರ್ಚಿಯ ಜನ ನಿಜವೋ ಸುಳ್ಳೋ ಪತ್ತೆ ಮಾಡುವ ಅಂತ ಕಳೆದ ಎರಡು ಮಳೆಗಾಲ ಇವನ ಸಿನಿಮಾಗಳನ್ನು ಒಂದೊಂದಾಗಿ ನೋಡ್ತಾ ಬಂದೆ. ಇವನನ್ನು ಮರದ ಕೊರಡು ಅಂತ ಬೈದವರು ಬೇಕಾದಷ್ಟು ಜನ ಇದ್ದಾರೆ, ಮುಖದಲ್ಲಿ ಭಾವವೇ ಇಲ್ಲ ಅಂತ. ನನಗೆ ಕಂಡದ್ದು ಬೇರೆ, ಅವನು ಅಲ್ಲಾಡದೆ ಇರುವುದೇ ಅವನ ಆಕ್ಟಿಂಗು. ಯಕ್ಷಗಾನದಲ್ಲಿ ನೋಡಿ, ಬಣ್ಣದ ವೇಷ, ಅಂದರೆ ರಾಕ್ಷಸ ಪಾತ್ರ, ಆರ್ಭಟೆ ಕೊಟ್ಟು ರಂಗ ಪುಡಿ ಮಾಡುವಾಗ ಇನ್ನೊಂದು ಬದಿಯಲ್ಲಿ ರಥದಲ್ಲಿ ಸುಮ್ಮನೆ ಕೂತ ರಾಜನ ಮೇಲೆಯೇ ನಮ್ಮ ಕಣ್ಣು ಹೋಗ್ತದಲ್ಲ ಕೆಲವು ಸಲ, ಹಾಗೆ.

ಹುಟ್ಟಿದ್ದು 1916ರ ಏಪ್ರಿಲ್ 5, ಕ್ಯಾಲಿಫೋರ್ನಿಯಾದ ಲಾ ಹೋಯಾದಲ್ಲಿ, ಅದೂ ನಮ್ಮ ಹಾಗೆ ಸಮುದ್ರದ ಬದಿಯ ಊರು. ಅಪ್ಪ ಔಷಧಿ ಅಂಗಡಿ ಇಟ್ಟವರು. ಎಲ್ಡ್ರೆಡ್ ಗ್ರೆಗರಿ ಪೆಕ್ ಅಂತ ಪೂರ್ತಿ ಹೆಸರು, ಎಲ್ಡ್ರೆಡ್ ಅವನಿಗೇ ಬೇಡವಾಗಿ ಬಿಟ್ಟ. ಆರಡಿ ಮೂರಿಂಚು. ಬರ್ಕ್ಲಿಯಲ್ಲಿ ಓದಿ ನ್ಯೂಯಾರ್ಕಿಗೆ ಹೋಗಿ ಟೂರಿಸ್ಟ್ ಗೈಡ್ ಆಗಿ, 1939ರ ವರ್ಲ್ಡ್ ಫೇರಲ್ಲಿ ಜನ ಕರೆಯುವ ಕೆಲಸ ಮಾಡಿ, ನಾಟಕ ಕಲಿತ. ಅಲ್ಲಿ ಮಾರ್ಥಾ ಗ್ರಹಾಮ್ ಅವರ ಡ್ಯಾನ್ಸ್ ಕ್ಲಾಸಿನಲ್ಲಿ ಬೆನ್ನು ಉಳುಕಿತು, ಅದರಿಂದಾಗಿ ಯುದ್ಧಕ್ಕೆ ತಗೊಳ್ಳಲಿಲ್ಲ. ಡ್ಯಾನ್ಸ್ ಅಂದರೆ ಹೀರೋಗೆ ಮರ್ಯಾದೆ ಕಡಿಮೆ ಅಂತಲೋ ಏನೋ, ಸ್ಟುಡಿಯೋದವರು ದೋಣಿ ಹುಟ್ಟು ಹಾಕುವಾಗ ಪೆಟ್ಟಾದದ್ದು ಅಂತ ಕಥೆ ಕಟ್ಟಿದರು. ದೊಡ್ಡ ದೊಡ್ಡ ಹೀರೋಗಳೆಲ್ಲ ಯುದ್ಧಕ್ಕೆ ಹೋಗಿದ್ದಾಗ ಹಾಲಿವುಡ್ಡಿಗೆ ಇವ ಸಿಕ್ಕಿದ. 1944ರಲ್ಲಿ ಮೊದಲ ಸಿನಿಮಾ 'ಡೇಸ್ ಆಫ್ ಗ್ಲೋರಿ', ಅದೇ ವರ್ಷದ 'ದಿ ಕೀಸ್ ಆಫ್ ದ ಕಿಂಗ್‌ಡಮ್'ನಲ್ಲಿ ಚೀನಾಕ್ಕೆ ಹೋದ ಪಾದ್ರಿ, ಅದಕ್ಕೇ ಆಸ್ಕರ್ ನಾಮಿನೇಷನ್. ಮುಂದೆ 'ದಿ ಇಯರ್ಲಿಂಗ್', 'ಜಂಟಲ್‌ಮನ್ಸ್ ಅಗ್ರಿಮೆಂಟ್', 'ಟ್ವೆಲ್ವ್ ಓಕ್ಲಾಕ್ ಹೈ', ಆರು ವರ್ಷದ ಒಳಗೆ ನಾಲ್ಕು ನಾಮಿನೇಷನ್, ಕೈಗೆ ಒಂದೂ ಬರ್ಲಿಲ್ಲ.

1949ರ 'ಟ್ವೆಲ್ವ್ ಓಕ್ಲಾಕ್ ಹೈ' ಬಗ್ಗೆ ಸ್ವಲ್ಪ ಹೇಳಲೇಬೇಕು. ಸೋತು ಸುಸ್ತಾದ ಬಾಂಬರ್ ತಂಡಕ್ಕೆ ಬಂದ ಕಠಿಣ ಜನರಲ್ ಸ್ಯಾವೇಜ್ ಇವ, ಎಲ್ಲರಿಗೂ ಬೈದು ಗದರಿಸಿ ನೆಟ್ಟಗೆ ಮಾಡ್ತಾನೆ, ಹುಡುಗರು ಸಾಯ್ತಾ ಹೋಗ್ತಾರೆ. ಒಂದು ದಿವಸ ತಾನೇ ವಿಮಾನ ಹತ್ತಲಿಕ್ಕೆ ಹೋಗ್ತಾನೆ, ಮೇಲಿನ ಕಿಂಡಿಯ ಅಂಚು ಹಿಡಿದು ಮೈ ಎತ್ತಬೇಕು, ಕೈ ಕೇಳುವುದಿಲ್ಲ. ಇನ್ನೊಮ್ಮೆ ನೋಡ್ತಾನೆ, ಕೈ ನಡುಗ್ತದೆ ಅಷ್ಟೇ. ವಿಮಾನಗಳು ಇವನನ್ನು ಬಿಟ್ಟು ಹೋಗ್ತವೆ. ಆಮೇಲೆ ಕುರ್ಚಿಯಲ್ಲಿ ಕೂತವ ಕೂತೇ ಇರ್ತಾನೆ, ಮಾತಿಲ್ಲ, ರೆಪ್ಪೆ ಸಹ ಅಲ್ಲಾಡುವುದಿಲ್ಲ, ದೂರದಲ್ಲಿ ವಾಪಸ್ ಬರುವ ಇಂಜಿನ್ ಸದ್ದು ಕೇಳುವವರೆಗೆ. ನಾನು ಅದನ್ನು ನೋಡುವಾಗ ರಾತ್ರಿ ಹನ್ನೊಂದೂವರೆ, ಹೊರಗೆ ಜಡಿಮಳೆ, ಆಗ ಮಾವನ ಮಾತು ತಲೆಗೆ ಬಂತು. ಕಾಲಿನ ಮೇಲೆ ಹಾಕಿದ ಕಾಲು ತೆಗೀಲಿಲ್ಲ ಅಂದಿದ್ದರಲ್ಲ.

'ದಿ ಗನ್‌ಫೈಟರ್' ಕೂಡ ಹಾಗೆಯೇ, 1950ರದ್ದು, ವೆಸ್ಟರ್ನ್ ಅಂತ ಹೆಸರು, ಹೀರೋ ಮುಕ್ಕಾಲು ಸಿನಿಮಾ ಒಂದು ಸಲೂನಿನ ಮೂಲೆಯಲ್ಲಿ ಗಡಿಯಾರ ನೋಡಿಕೊಂಡು ಹೆಂಡತಿಗೆ ಕಾಯ್ತಾ ಕೂತಿರ್ತಾನೆ. ಅದರಲ್ಲಿ ದಪ್ಪ ಮೀಸೆ ಇಟ್ಟಿದ್ದ, ಸಿನಿಮಾಕ್ಕೆ ದುಡ್ಡು ಬಾರದ್ದಕ್ಕೆ ಸ್ಟುಡಿಯೋದವರು ಮೀಸೆಗೆ ಬೈದರಂತೆ.

ನಮ್ಮಲ್ಲಿ ಇವನ ಹೆಸರು ಹೇಳಿದರೆ ಹೆಚ್ಚಿನವರಿಗೆ ನೆನಪಾಗುವುದು 'ರೋಮನ್ ಹಾಲಿಡೇ', 1953, ಅರಮನೆಯಿಂದ ತಪ್ಪಿಸಿಕೊಂಡು ಬಂದ ರಾಜಕುಮಾರಿ ಮತ್ತು ಒಬ್ಬ ಪೇಪರಿನವನ ಕಥೆ. ದೇವ್ ಆನಂದನ್ನು ಭಾರತದ ಗ್ರೆಗರಿ ಪೆಕ್ ಅಂತ ಕರೀತಿದ್ದ ಕಾಲ, ಅವನು ಪ್ರೀತಿಸಿದ ನಟಿ ಸುರಯ್ಯಾಗೆ ಪೆಕ್ ಅಂದರೆ ಪ್ರಾಣ ಅಂತ ಎಲ್ಲರಿಗೂ ಗೊತ್ತಿದ್ದದ್ದೇ. ಆಡ್ರಿ ಹೆಪ್‌ಬರ್ನ್ ಆಗ ಹೊಸಬಳು, ಪೋಸ್ಟರಿನಲ್ಲಿ ದೊಡ್ಡದಾಗಿ ಪೆಕ್ ಹೆಸರು ಹಾಕಿ ಇವಳದ್ದು ಕೆಳಗೆ ಹಾಕುವ ಅಂತ ಇತ್ತು, ಪೆಕ್ ತಾನೇ ಹೇಳಿ ಅವಳ ಹೆಸರನ್ನು ತನ್ನ ಸಮಕ್ಕೆ ತರಿಸಿದ. ಅವಳಿಗೆ ಆಸ್ಕರ್ ಬಂತು ಕೂಡ. ಸುಳ್ಳು ಹೇಳಿದವರ ಕೈ ಕಚ್ತದೆ ಅನ್ನುವ ಆ ಕಲ್ಲಿನ ಮುಖದ ಬಾಯಿಗೆ ಕೈ ಹಾಕಿ, ಅಂಗೈಯನ್ನು ಕೋಟಿನ ತೋಳಿನೊಳಗೆ ಅಡಗಿಸಿ ಹೆದರಿಸ್ತಾನಲ್ಲ, ಅವಳಿಗೆ ಮೊದಲೇ ಹೇಳಿರಲಿಲ್ಲ, ಆ ಕಿರುಚಾಟ ಒರಿಜಿನಲ್. ಆದರೆ ನನಗೆ ಅದಕ್ಕಿಂತ ಕೊನೆ ಇಷ್ಟ, ಅವಳು ಹೋಗಿಯಾಯ್ತು, ಪೇಪರಿನವರೆಲ್ಲ ಹೋದರು, ಇವ ಒಬ್ಬನೇ ಪ್ಯಾಂಟಿನ ಕಿಸೆಗೆ ಕೈ ಹಾಕಿಕೊಂಡು ಆ ದೊಡ್ಡ ಹಾಲಿನಲ್ಲಿ ನಡ್ಕೊಂಡು ಬರ್ತಾನೆ, ಬೂಟಿನ ಸದ್ದು, ಒಮ್ಮೆ ತಿರುಗಿ ನೋಡ್ತಾನೆ. ಡೈಲಾಗ್ ಇಲ್ಲ ಏನಿಲ್ಲ.

ಆ ಸಿನಿಮಾಕ್ಕೆ ಹೋಗುವ ದಾರಿಯಲ್ಲೇ ಪ್ಯಾರಿಸ್ಸಿನಲ್ಲಿ ಇಂಟರ್ವ್ಯೂ ಮಾಡಲಿಕ್ಕೆ ಬಂದ ವೆರೋನಿಕ್ ಪಸಾನಿಯನ್ನು 1955ರ ಕೊನೇ ದಿವಸ ಮದುವೆಯಾದ, ಎರಡನೇದ್ದು, ಸಾಯುವವರೆಗೂ ಒಟ್ಟಿಗಿದ್ದರು.

ಎಲ್ಲದರಲ್ಲಿಯೂ ಚಂದ ಮಾಡಿದ್ದಾನೆ ಅಂತ ನಾನು ಹೇಳುವುದಿಲ್ಲ. 1956ರ 'ಮೊಬಿ ಡಿಕ್'ನಲ್ಲಿ ತಲೆಕೆಟ್ಟ ಕ್ಯಾಪ್ಟನ್ ಏಹಬ್ ಪಾತ್ರ ಇವನಿಗೆ ಒಗ್ಗಲಿಲ್ಲ, ಡೈರೆಕ್ಟರ್ ಜಾನ್ ಹ್ಯೂಸ್ಟನ್ ತಾನೇ ಮಾಡಬೇಕಿತ್ತು ಅಂತ ಪೆಕ್ಕೇ ಹೇಳಿದ್ದುಂಟು. 'ದಿ ಬಾಯ್ಸ್ ಫ್ರಮ್ ಬ್ರೆಜಿಲ್'ನಲ್ಲಿ ನಾಜಿ ಡಾಕ್ಟರ್ ಮೆಂಗೆಲೆ ಆಗಿ ಕಣ್ಣು ಅರಳಿಸಿ ಬೊಬ್ಬೆ ಹೊಡೆಯುವುದು ನೋಡಿದರೆ ಬೇಜಾರಾಗ್ತದೆ, ನಮ್ಮ ರಾಜವೇಷದವರಿಗೆ ಬಣ್ಣದ ವೇಷ ಕಟ್ಟಿದ ಹಾಗೆ. 'ಕೇಪ್ ಫಿಯರ್' ಅವನದ್ದೇ ಕಂಪೆನಿಯ ಸಿನಿಮಾ, ವಿಲನ್ ಆಗಿ ರಾಬರ್ಟ್ ಮಿಚಮ್ ಬಂದು ಎಲ್ಲ ಗುಡಿಸಿಕೊಂಡು ಹೋದ. 'ಗನ್ಸ್ ಆಫ್ ನವರೋನ್'ನಲ್ಲಿ ಇವ ಜರ್ಮನ್ ಮಾತಾಡುವಾಗ ಕೇಳುವುದು ಬೇರೆಯವರ ದನಿ. 'ದಿ ಬಿಗ್ ಕಂಟ್ರಿ' ಮಾತ್ರ ತಪ್ಪದೆ ನೋಡಿ, ಎಲ್ಲರೂ ಸೇರಿ ಹತ್ತು ಹತ್ತು ಅಂತ ಕೆಣಕಿದ ಪುಂಡು ಕುದುರೆಯನ್ನು ಆಗ ಹತ್ತುವುದಿಲ್ಲ, ಪುಕ್ಕಲ ಅಂತ ಅನ್ನಿಸಿಕೊಂಡು ಸುಮ್ಮನಿದ್ದು, ಯಾರೂ ಇಲ್ಲದ ಹೊತ್ತಿನಲ್ಲಿ ಬಿದ್ದು ಎದ್ದು ಬಿದ್ದು ಎದ್ದು ಅದನ್ನು ಪಳಗಿಸಿ, ನೋಡಿದ ಒಬ್ಬ ಆಳಿಗೆ ಯಾರಿಗೂ ಹೇಳಬೇಡ ಅಂತಾನೆ.

ಆಮೇಲೆ 1962, 'ಟು ಕಿಲ್ ಎ ಮಾಕಿಂಗ್‌ಬರ್ಡ್'. ಲಾಯರ್ ಆಟಿಕಸ್ ಫಿಂಚ್. ಐದನೇ ನಾಮಿನೇಷನ್ನಿಗೆ ಅಂತೂ ಆಸ್ಕರ್ ಬಂತು, ಅದೂ 'ಲಾರೆನ್ಸ್ ಆಫ್ ಅರೇಬಿಯಾ'ದ ಪೀಟರ್ ಓ'ಟೂಲ್ ಎದುರಿಗಿದ್ದ ವರ್ಷ. ಕೋರ್ಟಿನ ವಾದದ ಬಗ್ಗೆ ಎಲ್ಲರೂ ಬರೀತಾರೆ, ನನಗೆ ಬೇರೆ ಒಂದು ಜಾಗ. ತಪ್ಪಿಲ್ಲದ ಕಪ್ಪು ಮನುಷ್ಯನ ಪರ ನಿಂತದ್ದಕ್ಕೆ ಯೂವೆಲ್ ಅನ್ನುವವ ಬಂದು ಇವನ ಮುಖಕ್ಕೆ ಉಗೀತಾನೆ. ಪೆಕ್ ಒಂದು ಹೆಜ್ಜೆ ಮುಂದೆ ಬರ್ತಾನೆ, ಈಗ ಹೊಡೀತಾನೆ ಅಂತ ನಾವು ಕಾಯ್ತೇವೆ, ಅವ ಅಷ್ಟು ಎತ್ತರ, ಎದುರಿನವ ಹುಲ್ಲುಕಡ್ಡಿ, ಒಂದು ಬಿಟ್ಟರೆ ಮುಗೀತು. ನಿಲ್ತಾನೆ. ಕಿಸೆಯಿಂದ ಕರ್ಚೀಫ್ ತೆಗೆದು ಮುಖ ಒರೆಸಿಕೊಂಡು ಕಾರು ಹತ್ತುತ್ತಾನೆ. ನನ್ನ ಮಗಳು ಪಕ್ಕದಲ್ಲಿ ಕೂತು, "ಅಪ್ಪ, ಹೊಡಿಯುವುದಿಲ್ವಾ?" ಅಂತ ಕೇಳಿದಳು. ಇಲ್ಲ ಮಗಾ ಅಂದೆ. ಅವಳಿಗೆ ಸಿಟ್ಟು ಬಂತು.

ಕಾದಂಬರಿ ಬರೆದ ಹಾರ್ಪರ್ ಲೀ ತನ್ನ ಅಪ್ಪನ ಕಿಸೆ ಗಡಿಯಾರವನ್ನೇ ಇವನಿಗೆ ಕೊಟ್ಟುಬಿಟ್ಟರು. ಆ ಸಿನಿಮಾದಲ್ಲಿ ಆರೋಪಿ ಟಾಮ್ ರಾಬಿನ್ಸನ್ ಆಗಿದ್ದ ಬ್ರಾಕ್ ಪೀಟರ್ಸ್, 2003ರ ಜೂನಿನಲ್ಲಿ ಪೆಕ್ ತೀರಿಕೊಂಡಾಗ ಅಂತ್ಯಕ್ರಿಯೆಯಲ್ಲಿ ಮಾತಾಡಿದವರು. ಪೆಕ್ಕಿಗೆ ಎಂಬತ್ತೇಳು ವರ್ಷ ಆಗಿತ್ತು. ಹೊರಗೂ ಮನುಷ್ಯ ಹಾಗೇ ಇದ್ದ ಅನ್ನಿಸ್ತದೆ, ಆಸ್ಕರ್ ಕೊಡುವ ಅಕಾಡೆಮಿಗೆ ಅಧ್ಯಕ್ಷ ಆಗಿದ್ದಾಗ 1968ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಕೊಲೆಯಾಯ್ತು, ಸಮಾರಂಭವನ್ನೇ ಎರಡು ದಿನ ಮುಂದೆ ಹಾಕಿದರು. ಅಮೇರಿಕದ ಅಧ್ಯಕ್ಷ ನಿಕ್ಸನ್ನಿನ ವೈರಿಗಳ ಪಟ್ಟಿಯಲ್ಲಿ ಇವನ ಹೆಸರೂ ಇತ್ತು. 1975ರಲ್ಲಿ ದೊಡ್ಡ ಮಗ ಹೋಗಿಬಿಟ್ಟ, ಅದಾಗಿ ಮಾಡಿದ್ದು 'ದಿ ಓಮನ್', ಮಗನ ವಿಷಯಕ್ಕೇ ಹೆದರುವ ಅಪ್ಪನ ಪಾತ್ರ, ಅದು ಹೇಗೆ ಮಾಡಿದನೋ. ಸಿನಿಮಾ ಭರ್ಜರಿ ಓಡಿತು.

ಮೊನ್ನೆ ಆದಿತ್ಯವಾರ ಮಾವ ಮನೆಗೆ ಬಂದಿದ್ದರು, ಗಂಜಿ ಊಟ ಆಗಿ ಮಲಗುವ ಮೊದಲು ಲ್ಯಾಪ್‌ಟಾಪಿನಲ್ಲಿ 'ಸೀ ವೂಲ್ವ್ಸ್' ಹಾಕಿದೆ. ಅವರು ಈವರೆಗೆ ಅದನ್ನು ನೋಡಿಯೇ ಇರಲಿಲ್ಲ ಅಂದರೆ ನಂಬ್ತೀರಾ? ಮುಕ್ಕಾಲು ಹೊತ್ತು ಕಥೆಯ ಕಡೆ ಗಮನವೇ ಇಲ್ಲ, ಗೋವಾ ಕಂಡಾಗೆಲ್ಲ ನಿಲ್ಲಿಸು ನಿಲ್ಲಿಸು ಅಂತಾರೆ, ಸ್ಕ್ರೀನಿಗೆ ಬೆರಳು ತಾಗಿಸಿ, ಈ ಬದಿಯಲ್ಲಿ ಹೋದರೆ ಬಸ್ ಸ್ಟ್ಯಾಂಡು, ನಮ್ಮ ಹೋಟೆಲು ಅದರ ಹಿಂದೆ, ಗಲ್ಲಾದಲ್ಲಿ ಕೂರ್ತಿದ್ದವರು ಭಾರೀ ಜೋರು, ಅಂತ ಅವರದ್ದೇ ಒಂದು ಸಿನಿಮಾ ಓಡಿಸ್ತಿದ್ದರು. ಕೊನೆಗೆ ಹಡಗಿನ ಗಲಾಟೆ ಶುರುವಾಯ್ತು, ಬೆಂಕಿ, ಗುಂಡು, ಪೆಕ್ ಅತ್ತಿತ್ತ ನುಗ್ತಾ ಇದ್ದಾನೆ. ನಾನು ಅಲ್ಲೇ ನಿಲ್ಲಿಸಿ ಮುಖ ದೊಡ್ಡದು ಮಾಡಿ ತೋರಿಸಿ ಕೇಳಿದೆ, "ಮಾವ, ಈಗ ಹೇಳಿ, ನೀವು ನೋಡಿದ್ದು ಇವರನ್ನೇನಾ?"

ಮಾವ ಕನ್ನಡಕ ಮೇಲೆ ಮಾಡಿ, ಕೆಳಗೆ ಮಾಡಿ, ತುಂಬಾ ಹೊತ್ತು ನೋಡಿದರು.

"ಇವ ಓಡ್ತಾ ಇದ್ದಾನಲ್ಲ ಮಾರಾಯ. ಎಲ್ಲಿಯಾದರೂ ಕೂತುಕೊಳ್ಳಲಿ, ಆಮೇಲೆ ಹೇಳ್ತೇನೆ."