ಗುಂಡ ತಿಂದ ನಾಲ್ಕು ದ್ರಾಕ್ಷಿ

ಫೆಬ್ರವರಿಯ ಒಂದು ಭಾನುವಾರ. ಹಾಪ್‌ಕಾಮ್ಸ್‌ನಿಂದ ಎರಡು ಕೆಜಿ ಬೆಂಗಳೂರು ನೀಲಿ ದ್ರಾಕ್ಷಿ ತಂದಿದ್ದೆ. ದೇವನಹಳ್ಳಿ, ದೊಡ್ಡಬಳ್ಳಾಪುರದ ಕಡೆ ಬೆಳೆಯುವ, ಬೀಜ ಇರುವ ಕಪ್ಪು ದ್ರಾಕ್ಷಿ. ಅಮ್ಮನಿಗೆ ಅದೆಂದರೆ ಪ್ರಾಣ. ತೊಳೆದು ಬುಟ್ಟಿಗೆ ಹಾಕಿಕೊಟ್ಟು ನಾನು ಬಟ್ಟೆ ಒಣಹಾಕಲು ಮಹಡಿಗೆ ಹೋದೆ.

ಗುಂಡ ನಮ್ಮ ಮನೆಗೆ ಬಂದು ಆಗ ಮೂರು ವಾರ. ಹನುಮಂತನಗರದ ನಮ್ಮ ರಸ್ತೆಯಲ್ಲೇ ಹುಟ್ಟಿದ ಬೀದಿನಾಯಿ ಮರಿ. ವಯಸ್ಸು ಎರಡೂವರೆ ತಿಂಗಳು, ತೂಕ ಮೂರು ಕೆಜಿ ಇದ್ದಿರಬಹುದು. ಅಮ್ಮ ಏನು ತಿಂದರೂ ಅವನಿಗೊಂದು ಪಾಲು. ಬಾಳೆಹಣ್ಣಿನ ತುದಿ, ಸೌತೆಕಾಯಿ ಬಿಲ್ಲೆ, ಕ್ಯಾರೆಟ್ ತುರಿ. ಎದುರಿಗೆ ಕೂತು ನೋಡುತ್ತಿರುವ ಜೀವಕ್ಕೆ ಕೊಡದೆ ತಿನ್ನುವುದು ಅಮ್ಮನಿಂದ ಆಗದ ಮಾತು.

ಕೆಳಗೆ ಬಂದಾಗ ಗುಂಡ ನೆಲ ನೆಕ್ಕುತ್ತಿದ್ದ. ಪಕ್ಕದಲ್ಲಿ ಜಜ್ಜಿದ ಒಂದು ದ್ರಾಕ್ಷಿ ಸಿಪ್ಪೆ.

“ಅಮ್ಮಾ, ಇವನಿಗೆ ದ್ರಾಕ್ಷಿ ಕೊಟ್ಯಾ?”

“ಪಾಪ, ನೋಡ್ತಾ ಕೂತಿದ್ದ ಕಣೇ. ನಾಲ್ಕೇ ನಾಲ್ಕು ಕೊಟ್ಟೆ.”

ನಾಯಿಗೆ ದ್ರಾಕ್ಷಿ ಆಗದು ಎಂದು ಎಲ್ಲೋ ಓದಿದ್ದು ನೆನಪಿತ್ತು. ಅಮ್ಮನಿಗೆ ಹೇಳಿರಲಿಲ್ಲ. ಕೈ ನಡುಗುತ್ತಲೇ ಡಾಕ್ಟರಿಗೆ ಫೋನ್ ಮಾಡಿದೆ. ಅವರು ಕೇಳಿದ್ದು ಎರಡೇ ಪ್ರಶ್ನೆ: ಎಷ್ಟು ತಿಂದಿದೆ, ಎಷ್ಟು ಹೊತ್ತಾಯಿತು. ಅರ್ಧ ಗಂಟೆ ಅಂದೆ. “ಈಗಲೇ ಕರೆದುಕೊಂಡು ಬನ್ನಿ.” ಅಷ್ಟರಲ್ಲಿ ಅಮ್ಮ ವಾಂತಿ ಮಾಡಿಸಲು ಉಪ್ಪುನೀರು ಕಲಸುತ್ತಿದ್ದಳು. ಕೇಳಿದ್ದಕ್ಕೆ ಡಾಕ್ಟರು ಖಂಡಿತ ಬೇಡ ಅಂದರು. ಮರಿಯ ರಕ್ತದಲ್ಲಿ ಉಪ್ಪು ಏರಿದರೆ ಅದೇ ಇನ್ನೊಂದು ಅಪಾಯವಂತೆ.

ಆಟೋದಲ್ಲಿ ಗುಂಡ ನನ್ನ ಮಡಿಲಲ್ಲಿ ಆರಾಮಾಗಿ ಮಲಗಿದ್ದ. ಅದೇ ಹೆದರಿಕೆ ಹೆಚ್ಚಿಸಿತು. ದ್ರಾಕ್ಷಿ ತಿಂದ ನಾಯಿಗೆ ಮೊದಲ ಕೆಲವು ಗಂಟೆ ಏನೂ ಕಾಣಿಸದೆ ಇರಬಹುದು. ಆಮೇಲೆ ವಾಂತಿ, ಸುಸ್ತು. ಒಂದೆರಡು ದಿನ ಕಳೆದ ಮೇಲೆ ಕಿಡ್ನಿಯೇ ಕೈಕೊಡಬಹುದು. ಕೆಲವು ನಾಯಿಗಳಿಗೆ ಏನೂ ಆಗುವುದಿಲ್ಲ, ಕೆಲವಕ್ಕೆ ಸ್ವಲ್ಪವೇ ಸಾಕು. ಇಷ್ಟು ತಿಂದರೆ ಪರವಾಗಿಲ್ಲ ಎಂಬ ಲೆಕ್ಕವೇ ಇಲ್ಲ. ಒಣದ್ರಾಕ್ಷಿಯೂ ಅಷ್ಟೇ.

ಡಾಕ್ಟರು ಇಂಜೆಕ್ಷನ್ ಕೊಟ್ಟು ವಾಂತಿ ಮಾಡಿಸಿದರು. ಮೂರು ದ್ರಾಕ್ಷಿ ಹೊರಗೆ ಬಂದವು, ಒಂದು ಬರಲಿಲ್ಲ. ಆ ಒಂದಕ್ಕಾಗಿ ಎರಡು ದಿನ ಡ್ರಿಪ್, ಮೂರು ಸಲ ರಕ್ತಪರೀಕ್ಷೆ. ಮುಂಗಾಲಿನ ಕೂದಲು ಬೋಳಿಸಿ ಸೂಜಿ ಚುಚ್ಚಿದಾಗ ಅವನು ಒಮ್ಮೆ ಕುಂಯ್ ಎಂದ, ಅಷ್ಟೇ. ಅಮ್ಮ ಹೊರಗೆ ಬೆಂಚಿನ ಮೇಲೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕೂತಿದ್ದಳು. “ನಾನೇ ಕೈಯಾರೆ ಕೊಟ್ಟೆನಲ್ಲೇ” ಎಂದು ಮತ್ತೆ ಮತ್ತೆ ಹೇಳುತ್ತಿದ್ದಳು. ಹೇಳದೆ ಇದ್ದವಳು ನಾನು, ತಪ್ಪು ನಂದು ಅಲ್ವಾ?

ಮೂರನೆಯ ದಿನದ ರಿಪೋರ್ಟ್ ಕೂಡ ಸರಿಯಾಗಿತ್ತು.

ಅವತ್ತು ಡಾಕ್ಟರು ಅಮ್ಮನನ್ನೇ ಕೂರಿಸಿಕೊಂಡು ನಿಧಾನವಾಗಿ ಎಲ್ಲ ಹೇಳಿದರು. ಬೇಯಿಸಿದ ಸಿಹಿಗುಂಬಳ, ಕ್ಯಾರೆಟ್, ಬೀನ್ಸ್ ಕೊಡಬಹುದು. ಬೀಜ ತೆಗೆದ ಸೇಬು, ಕಲ್ಲಂಗಡಿ ಒಂದೆರಡು ಚೂರು ಆಗಬಹುದು. ಮಾವಿನಹಣ್ಣಿನ ವಾಟೆ ಮಾತ್ರ ಬಾಯಿಗೆ ಸಿಗಬಾರದು, ಕರುಳಲ್ಲಿ ಸಿಕ್ಕಿಕೊಳ್ಳುತ್ತದೆ. ಈರುಳ್ಳಿ, ಬೆಳ್ಳುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನೇ ಒಡೆಯುತ್ತವೆ, ಬೇಯಿಸಿದರೂ ಬಿಡುವುದಿಲ್ಲ. ಇಂಥ ತಿಂಡಿಯೆಲ್ಲ ಸೇರಿ ಮರಿಯ ದಿನದ ಆಹಾರದ ಹತ್ತರಲ್ಲೊಂದು ಪಾಲು ದಾಟಬಾರದು. ಬೆಳೆಯುವ ಮರಿಗೆ ಬೇಕಾದ್ದು ಬರೀ ತರಕಾರಿಯಿಂದ ಸಿಗುವುದಿಲ್ಲ.

ನನ್ನನ್ನು ಬೆಚ್ಚಿಬೀಳಿಸಿದ್ದು ಹುಣಸೆಹಣ್ಣು. ದ್ರಾಕ್ಷಿಯಲ್ಲಿರುವ ಟಾರ್ಟಾರಿಕ್ ಆಮ್ಲವೇ ಕಿಡ್ನಿಗೆ ತೊಂದರೆ ಕೊಡುತ್ತಿರಬಹುದು ಎಂದು 2021ರಲ್ಲಿ ಅಮೆರಿಕದ ಪಶುವೈದ್ಯರು ಹೇಳಿದರಂತೆ. ಅದೇ ಆಮ್ಲ ಹುಣಸೆಯಲ್ಲಿ ಜಾಸ್ತಿ. ನಮ್ಮ ಬೀದಿಗಳಲ್ಲಿ ಎಷ್ಟು ಮನೆಯವರು ಪ್ರೀತಿಯಿಂದ ಮರಿಗಳಿಗೆ ಸಾರನ್ನ ಕಲಸಿ ಹಾಕುತ್ತಾರೆ! ಈಗ ನಾನು ಕಂಡವರಿಗೆಲ್ಲ ಹೇಳುತ್ತೇನೆ, ಸುಮ್ನೆ ಅನ್ನ ಮೊಸರು ಹಾಕಿ, ಸಾರು ಬೇಡ.

ಅಮ್ಮ ಮರುದಿನವೇ ಸಿಹಿಗುಂಬಳ ತಂದಳು. ಹುಳಿಗೆ ಹೋಳು ಬೇಯುತ್ತಿದ್ದಂತೆ, ಉಪ್ಪು ಹಾಕುವ ಮೊದಲೇ, ನಾಲ್ಕು ಹೋಳು ತೆಗೆದು ಗುಂಡನ ಬಟ್ಟಲಿಗೆ ಹಾಕಿ ಆರಲು ಇಟ್ಟಳು. ಆಮೇಲೆ ಹುಣಸೆಹಣ್ಣು ಕಿವುಚಿದಳು.