ಜೂನ್ 14, 2025, ಶನಿವಾರ: ಸೀಟಿನ ಕೆಳಗಿನ ಬೋಲ್ಟು

ರಾತ್ರಿ ಹನ್ನೊಂದು ಮುಕ್ಕಾಲು. ನಮ್ಮ ಗಾಡಿಯೊಳಗೇ, ಅಂದರೆ ಮನೆಯ ಹಾಗೆ ಸಜ್ಜು ಮಾಡಿದ ಕ್ಯಾಂಪರ್ ವ್ಯಾನಿನೊಳಗೇ, ಕೂತು ಬರೆಯುತ್ತಿದ್ದೇನೆ. ಮೇಲಿನ ತಗಡಿಗೆ ಮಳೆ ಹೊಡೆಯುತ್ತಿದೆ. ಫ್ರಿಜ್ಜಿನ ಕಂಪ್ರೆಸರ್ ಸ್ವಲ್ಪ ಹೊತ್ತು ಓಡುತ್ತದೆ, ನಿಲ್ಲುತ್ತದೆ, ಮತ್ತೆ ಹಿಡಿದುಕೊಳ್ಳುತ್ತದೆ. ಹಾಗೆ ಹಿಡಿದುಕೊಂಡ ಪ್ರತಿ ಸಲವೂ ಎದೆಯ ಮೇಲಿನ ಭಾರ ಒಂದಿಷ್ಟು ಇಳಿದ ಹಾಗಾಗುತ್ತದೆ.

ಯಾಣಕ್ಕೆ ಹೋದ ರಾತ್ರಿಯ ಸಂಗತಿ ಇಲ್ಲಿ ಬರೆದಿರಲಿಲ್ಲ. ಬರೆಯಲು ಕೈ ಬಂದಿರಲಿಲ್ಲ. ಬೆಳಿಗ್ಗೆ ಎದ್ದು ಫ್ರಿಜ್ಜಿನ ಬಾಗಿಲು ತೆಗೆದರೆ ಒಳಗೆಲ್ಲ ಬೆಚ್ಚಗೆ, ಹಾಲು ಒಡೆದಿತ್ತು, ಅಮ್ಮನ ಇನ್ಸುಲಿನ್ ಬಾಟಲಿಯ ಮೇಲೆ ಬೆವರು ಹನಿ. ಇನ್ನೂ ತೆರೆಯದ ಬಾಟಲಿ 2ರಿಂದ 8 ಡಿಗ್ರಿಯೊಳಗೆ ಇರಬೇಕು. ಬಳಸುತ್ತಿರುವ ಬಾಟಲಿ ನಾಲ್ಕು ವಾರ ಹೊರಗಿದ್ದರೂ ಅಡ್ಡಿಯಿಲ್ಲ, ಬಿಸಿಲು ತಾಗಬಾರದು ಅಷ್ಟೆ ಎಂದು ಡಾಕ್ಟರು ಹೇಳಿದ್ದು ನನಗೆ ನೆನಪಿತ್ತು. ಆದರೂ ಕೈಕಾಲು ಆಡಲಿಲ್ಲ. ಅಮ್ಮ ಒಂದು ಮಾತೂ ಬೈಯಲಿಲ್ಲ. ಬಾಟಲಿಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಸ್ಟೀಲ್ ಡಬ್ಬಿಯೊಳಗಿಟ್ಟು, ಆ ಡಬ್ಬಿಯನ್ನು ನೀರಿನ ಮಡಕೆಯ ಪಕ್ಕಕ್ಕೆ ಸರಿಸಿ, "ಕರೆಂಟಿಲ್ಲದ ಕಾಲದಲ್ಲೂ ಜನ ಬದುಕಿದ್ರಲ್ಲ" ಅಂದಳು. ದಾರಿಯುದ್ದಕ್ಕೂ ಚೆನ್ನಾಗಿಯೇ ಮಾತಾಡಿದಳು. ಮನೆಗೆ ಬಂದು ಮೂರು ದಿನವಾದ ಮೇಲೆ, ಅಕ್ಕಿ ಆರಿಸುತ್ತಾ, ಮುಖ ಎತ್ತದೆ ಹೇಳಿದಳು: "ಪಂಢರಾಪುರ ಬೇಡ ಬಿಡು. ನನ್ನ ದೆಸೆಯಿಂದ ನಿಮಗೆಲ್ಲ ತಾಪತ್ರಯ."

ಅಮ್ಮ ತನಗೆ ಇಂಥದ್ದು ಬೇಕು ಎಂದು ಬಾಯಿಬಿಟ್ಟು ಕೇಳಿದ್ದನ್ನು ನಾನು ಕಂಡದ್ದೇ ಕಡಿಮೆ. ಆಷಾಢ ಏಕಾದಶಿಯ ಗದ್ದಲ ಕಳೆದ ಮೇಲೆ ಒಮ್ಮೆ ವಿಠಲನ ಮುಂದೆ ನಿಲ್ಲಬೇಕು ಎಂದು ಎರಡು ವರ್ಷದ ಹಿಂದೆ ಕೇಳಿದ್ದಳು. ಅವಳ ಬೆನ್ನಿಗೆ ಬಸ್ಸು ಆಗದು, ಲಾಡ್ಜಿನ ಮೆಟ್ಟಿಲು ಆಗದು. ಈ ಗಾಡಿ ತಂದದ್ದೇ ಅದಕ್ಕೆ. ಈ ಸಲ ಏಕಾದಶಿ ಜುಲೈ 6ಕ್ಕೆ. ಇನ್ನು ಮೂರು ವಾರ.

ಗಾಡಿ 2004ರದ್ದು. ಕುಮಟೆಯಲ್ಲಿ, ಕಡಲಿಗೆ ಬೆನ್ನು ಹಾಕಿ ವರ್ಷಗಟ್ಟಲೆ ನಿಂತಿದ್ದದ್ದು. ಕಳೆದ ವರ್ಷ ಆರ್‌ಸಿ ಮತ್ತೆ 5 ವರ್ಷಕ್ಕೆ ನವೀಕರಣವಾದಾಗ ಇನ್ನು ಚಿಂತೆಯಿಲ್ಲ ಅಂದುಕೊಂಡಿದ್ದೆವು. ಇಂಜಿನ್ನಿನದು ಒಂದು ಬ್ಯಾಟರಿ, ಮನೆಯ ಕಡೆಯದು, ಅಂದರೆ ಫ್ರಿಜ್ಜು, ಪಂಪು, ದೀಪಗಳದ್ದು, ಇನ್ನೊಂದು. ಇಂಜಿನ್ ಓಡುವಾಗ ಮಾತ್ರ ರಿಲೇ ಎಂಬ, ತಾನಾಗಿಯೇ ಹತ್ತಿ ಆರುವ ಸ್ವಿಚ್ಚು ಎರಡನ್ನೂ ಜೋಡಿಸುತ್ತದೆ. ಯಾಣದಿಂದ ಬಂದ ಮೇಲೆ ತೋರಿಸಿದ ಕಡೆ "ಬ್ಯಾಟರಿ ಸತ್ತಿದೆ ಮೇಡಂ" ಅಂದರು. 11,500 ರೂಪಾಯಿ ಕೊಟ್ಟು ಹೊಸದು ಹಾಕಿಸಿದೆ. ಎರಡನೇ ವಾರಕ್ಕೆ ಮತ್ತೆ ಅದೇ ಪಾಡು: ಹಗಲು ಓಡುವಾಗ ಫ್ರಿಜ್ಜು ಗಟ್ಟಿ, ರಾತ್ರಿ ನಿಲ್ಲಿಸಿದರೆ ಒಂದೆರಡು ಗಂಟೆಗೆ ಬಂದ್. ಪಂಪ್ ಒತ್ತಿದರೆ ದೀಪ ಮಂಕು. ನಾನು ಮಲ್ಟಿಮೀಟರ್ ಹಿಡಿದು ಎಲ್ಲಿ ಮುಟ್ಟಿಸಿದರೂ 12.6 ವೋಲ್ಟ್. ಎಲ್ಲ ಸರಿಯಿದೆ ಎಂದು ಮೀಟರ್ ಹೇಳುತ್ತದೆ, ಫ್ರಿಜ್ಜು ಮಾತ್ರ ಓಡುವುದಿಲ್ಲ.

ಇವತ್ತು ಶಾಲೆ ಮುಗಿಸಿ ಸೊರಬ ರಸ್ತೆಯಲ್ಲಿ ಗಾಡಿಗಳ ವೈರಿಂಗ್ ರಿಪೇರಿ ಮಾಡುವ ಅಜ್ಜನ ಹತ್ತಿರ ಹೋದೆ. ಅವರ ಅಂಗಡಿಗೆ ಬೋರ್ಡಿಲ್ಲ. ಮಾಡಿನ ಕೆಳಗೆ ನಾಲ್ಕು ಡೈನಮೋ, ಒಂದು ಸ್ಟೂಲು, ರೇಡಿಯೋ. ನನ್ನ ಮೀಟರನ್ನು ನೋಡಿ ಪಕ್ಕಕ್ಕಿಡಿ ಅಂದರು. ಮೊಳೆಗೆ ನೇತುಹಾಕಿದ್ದ ಹಳೆ ಹೆಡ್‌ಲೈಟ್ ಬಲ್ಬು ತೆಗೆದರು, ಅದಕ್ಕೆ ಎರಡು ವೈರು ಬೆಸೆದಿತ್ತು. ಒಂದನ್ನು ಬ್ಯಾಟರಿಯ ಪ್ಲಸ್ಸಿಗೆ ಸಿಕ್ಕಿಸಿ, ಇನ್ನೊಂದನ್ನು ಮೈನಸ್ಸಿಗೆ ತಾಗಿಸಿದರು. ಕಣ್ಣು ಕುಕ್ಕುವಂಥ ಬಿಳಿ ಬೆಳಕು. ಅದೇ ವೈರನ್ನು ಅಲ್ಲಿಂದ ತೆಗೆದು ಗಾಡಿಯ ಬಾಡಿಯ ಲೋಹಕ್ಕೆ, ಬಾಗಿಲ ಕೀಲಿನ ಹತ್ತಿರದ ಬೋಲ್ಟಿಗೆ ಒತ್ತಿದರು. ಅದೇ ಬಲ್ಬು ಅರಿಸಿನ ಬಣ್ಣಕ್ಕೆ ತಿರುಗಿತು. ನೋಡುತ್ತಿದ್ದ ಹಾಗೆ ಇನ್ನೂ ಮಂಕಾಯಿತು.

"ಕಂಡ್ರಾ? ಹೋಗೋ ದಾರಿ ಸರಿ ಇದೆ. ವಾಪಸ್ ಬರೋ ದಾರಿ ಕಟ್ಟಿದೆ."

ಮೀಟರ್ ಯಾಕೆ ತೋರಿಸಲಿಲ್ಲ ಎಂದು ಕೇಳಿದೆ. ನಾನು ಕೇಳಿದ್ದು ಅವರಿಗೆ ಖುಷಿಯಾಯಿತು ಅಂತ ಕಾಣುತ್ತದೆ, ರೇಡಿಯೋ ಸಣ್ಣ ಮಾಡಿದರು. ಮೀಟರ್ ಹೆಚ್ಚುಕಡಿಮೆ ಕರೆಂಟೇ ಎಳೆಯುವುದಿಲ್ಲವಂತೆ. ಇಡೀ ಕೇಬಲ್ ಕೊಳೆತು ಕೂದಲಿನಂಥ ಒಂದೇ ಎಳೆ ಉಳಿದಿದ್ದರೂ 12.6 ತೋರಿಸಿಬಿಡುತ್ತದೆ. 55 ವಾಟಿನ ಬಲ್ಬಿಗೆ ನಾಲ್ಕೂವರೆ ಆಂಪಿಯರ್ ಬೇಕು, ಅಷ್ಟು ಹೊರಲಾಗದ ದಾರಿ ಆಗ ಸಿಕ್ಕಿಬೀಳುತ್ತದೆ. "ಬಾವಿಯಲ್ಲಿ ನೀರಿದೆಯಾ ಅಂತ ಹಣಕಿ ನೋಡೋದು ಬೇರೆ, ಕೊಡ ಇಳಿಸಿ ಸೇದೋದು ಬೇರೆ" ಅಂದರು. ಆಮೇಲೆ ನನ್ನ ಮೀಟರಿನಲ್ಲೇ ಮಾಡಿ ತೋರಿಸಿದರು: ಫ್ರಿಜ್ಜು ಓಡುತ್ತಿರಬೇಕು, ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಮೈನಸ್ಸಿಗೆ, ಇನ್ನೊಂದು ಬಾಡಿಯ ಬರಿ ಲೋಹಕ್ಕೆ. ಅಲ್ಲಿ ಸೊನ್ನೆಯ ಹತ್ತಿರ ಇರಬೇಕು. 1.3 ಬಂತು. ಬ್ಯಾಟರಿಯಲ್ಲಿ 12.4 ಇದ್ದರೆ ಫ್ರಿಜ್ಜಿಗೆ ಸಿಗುವುದು 11.1. ಕಂಪ್ರೆಸರ್ ಹೊರಡುವಾಗ ಇನ್ನೂ ಹೆಚ್ಚು ಎಳೆಯುತ್ತದೆ, ವೋಲ್ಟೇಜ್ ಇನ್ನೂ ಕುಸಿಯುತ್ತದೆ, ಫ್ರಿಜ್ಜು ತನ್ನನ್ನು ತಾನೇ ಆರಿಸಿಕೊಳ್ಳುತ್ತದೆ.

ಹಗಲು ಯಾಕೆ ಸರಿಯಿತ್ತು ಎನ್ನುವುದು ಮನೆಗೆ ಬರುವ ದಾರಿಯಲ್ಲಿ ಹೊಳೆಯಿತು. ಇಂಜಿನ್ ಓಡುವಾಗ ಫ್ರಿಜ್ಜಿಗೆ ಕರೆಂಟು ಡೈನಮೋದಿಂದ, ಅದು ಬಾಡಿಯ ಮೂಲಕ ನೇರ ಇಂಜಿನ್ನಿಗೆ ವಾಪಸ್. ಬ್ಯಾಟರಿಯ ಮೈನಸ್ ಕೇಬಲ್ಲನ್ನು ಬಾಡಿಯ ಜೊತೆ ಬಿಗಿದ ಕೆಟ್ಟ ಬೋಲ್ಟಿನ ತಂಟೆಗೇ ಹೋಗುವುದಿಲ್ಲ. ಆದರೆ ಬ್ಯಾಟರಿ ಚಾರ್ಜ್ ಆಗಬೇಕಾದರೆ ಆ ಬೋಲ್ಟನ್ನು ದಾಟಲೇಬೇಕು. ಡೈನಮೋ 14 ಕೊಟ್ಟರೂ ಬ್ಯಾಟರಿಗೆ 13 ಮುಟ್ಟುತ್ತಿತ್ತೋ ಇಲ್ಲವೋ. ಹಳೆಯ ಬ್ಯಾಟರಿ ಅರೆಹೊಟ್ಟೆಯಲ್ಲಿದ್ದೇ ಸತ್ತಿರಬೇಕು. ಹೊಸದನ್ನೂ ಎರಡು ತಿಂಗಳಿಂದ ಹಾಗೇ ಇಟ್ಟಿದ್ದೆನಲ್ಲ ಎಂದು ಹೊಟ್ಟೆ ಉರಿಯಿತು.

ಬೋಲ್ಟು ಇದ್ದದ್ದು ಹಿಂದಿನ ಸೀಟಿನ ಕೆಳಗೆ, ರಬ್ಬರ್ ಮ್ಯಾಟಿನ ಅಡಿ. ಮೇಲಿಂದ ನೋಡಿದರೆ ಏನೂ ಗೊತ್ತಾಗದು. ಯಾರೋ ಪುಣ್ಯಾತ್ಮರು ನೆಲಕ್ಕೆ ಚೆಂದವಾಗಿ ಬೂದಿ ಬಣ್ಣ ಹೊಡೆದು, ಆ ಬಣ್ಣದ ಮೇಲೆಯೇ ಲಗ್, ಅಂದರೆ ಕೇಬಲ್ಲಿನ ತುದಿಯ ಲೋಹದ ಬಳೆ, ಕೂರಿಸಿ ಬಿಗಿದಿದ್ದರು. ಬಣ್ಣ ಕರೆಂಟು ಬಿಡುವುದಿಲ್ಲ, ಬರಿ ಬೋಲ್ಟಿನ ಎಳೆಗಳ ಮೇಲೆ ಇಷ್ಟು ದಿನ ನಡೆದಿದೆ. ಸ್ಪ್ಯಾನರ್ ಹಾಕಿದ ಕೂಡಲೇ ತುಕ್ಕು ಚಕ್ಕೆಚಕ್ಕೆಯಾಗಿ ಉದುರಿತು. ಕೇಬಲ್ಲಿನ ಕಪ್ಪು ಸಿಪ್ಪೆ ಸುಲಿದರೆ ಒಳಗೆಲ್ಲ ಕಿಲುಬು, ಹಸಿರು ಪುಡಿ ಬೆರಳಿಗೆ ಅಂಟಿತು. ಒಂದು ಗೇಣು ಕತ್ತರಿಸಿದೆ, ಎಳೆಗಳು ಕಪ್ಪು. ಇನ್ನರ್ಧ ಗೇಣು ಕತ್ತರಿಸಿದ ಮೇಲೆ ಹೊಸ ತಂಬಿಗೆಯ ಬಣ್ಣ ಕಂಡಿತು. ಉಳಿದ ಕೇಬಲ್ಲು ಮತ್ತೆ ಹಾಕಲಿಲ್ಲ, ಅಜ್ಜನ ಹತ್ತಿರ ಅದಕ್ಕಿಂತ ದಪ್ಪದ್ದು ಎರಡು ಮೀಟರ್ ತಂದು ಹಾಕಿದೆ. ನೆಲವನ್ನು ಬೆಳ್ಳಗಾಗುವ ತನಕ ಉಜ್ಜಿ, ಹೊಸ ಲಗ್, ಹಲ್ಲಿನ ವಾಷರ್, ಬಿಗಿದಾದ ಮೇಲೆ ಸುತ್ತ ವ್ಯಾಸಲಿನ್. ವ್ಯಾಸಲಿನ್ ಬಿಗಿದ ಮೇಲೆಯೇ ಹಚ್ಚಬೇಕು ಎಂದು ಅಜ್ಜ ಎರಡು ಸಲ ಹೇಳಿದ್ದರು.

ಫ್ರಿಜ್ಜು ಹಾಕಿ ಮತ್ತೆ ಅಳೆದೆ. 0.04.

ಅಮ್ಮನಿಗೆ ಹೇಳಿದೆ. "ಒಳ್ಳೇದಾಯ್ತು" ಅಂದಳು, ಸಾರಿಗೆ ಒಗ್ಗರಣೆ ಹಾಕಿದಳು. ಪಂಢರಾಪುರದ ಮಾತು ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಬೇಡ ಅಂದವಳನ್ನು ಮತ್ತೆ ಬೇಕು ಅನ್ನಿಸಲು ಯಾವ ಕಡೆಯಿಂದ ಶುರುಮಾಡಬೇಕೋ ನನಗೆ ತಿಳಿಯದು. ಊಟವಾದ ಮೇಲೆ ಮಾತ್ರ ಕೇಳಿದಳು, "ರಾತ್ರಿ ಪೂರ್ತಿ ಓಡತ್ತಾ?" ನೋಡಿ ಹೇಳ್ತೇನೆ ಅಂದೆ. ಅದಕ್ಕೇ ಇಲ್ಲಿ ಕೂತಿರುವುದು. ಒಳಗೆ ಇಟ್ಟ ಥರ್ಮಾಮೀಟರ್ ಈಗ 5 ತೋರಿಸುತ್ತಿದೆ, ಬ್ಯಾಟರಿ 12.5.

ಒಂದು ಮಾತ್ರ ಉಳಿದಿದೆ. ಹತ್ತು ಗಂಟೆಗೆ ಫ್ರಿಜ್ಜೂ ಸೇರಿ ಎಲ್ಲ ಆರಿಸಿ, ಮೈನಸ್ ಬಿಚ್ಚಿ ನಡುವೆ ಮೀಟರನ್ನು ಆಂಪಿಯರ್‌ಗೆ ಇಟ್ಟು ನೋಡಿದೆ. ಎಲ್ಲ ಆರಿಸಿದ ಮೇಲೂ 0.18 ಹೋಗುತ್ತಲೇ ಇದೆ. ಸಣ್ಣದು ಅನಿಸುತ್ತದೆ, ಆದರೆ ದಿನಕ್ಕೆ ನಾಲ್ಕು ಆಂಪಿಯರ್-ಗಂಟೆಗೂ ಹೆಚ್ಚು. 100ರ ಬ್ಯಾಟರಿ ಹನ್ನೆರಡು ದಿನ ಸುಮ್ಮನೆ ನಿಂತರೆ ಅರ್ಧ ಖಾಲಿ. ಒಂದೊಂದೇ ಫ್ಯೂಸ್ ಕಿತ್ತು ನೋಡಿದೆ. ಕೆಂಪು 10, ಇಲ್ಲ. ನೀಲಿ 15, ಇಲ್ಲ. ಬಾಗಿಲ ಕಡೆಯ ಇನ್ನೊಂದು ಕೆಂಪು ಕಿತ್ತಾಗ 0.02ಕ್ಕೆ ಇಳಿಯಿತು. ಆ ಸಾಲಿನಲ್ಲಿ ಇರುವುದು ಮೆಟ್ಟಿಲ ದೀಪ ಒಂದೇ. ಅದರ ಬಲ್ಬನ್ನು ನಾನೇ ಏಪ್ರಿಲ್‌ನಲ್ಲಿ ತೆಗೆದಿದ್ದೇನೆ. ಬಲ್ಬೇ ಇಲ್ಲದ ಮೇಲೆ ಎಳೆಯುತ್ತಿರುವುದು ಯಾವುದು? ಮೆಟ್ಟಿಲ ಮೇಲಿನ ಮ್ಯಾಟ್ ಈಗ ಮುಟ್ಟಿ ನೋಡಿದೆ, ಒದ್ದೆ. ಮಳೆ ನೀರು ಬಾಗಿಲ ರಬ್ಬರಿನ ಕೆಳಗಿನಿಂದ ಹೋಲ್ಡರಿನೊಳಗೆ ಇಳಿದಿದ್ದರೆ, ಅಲ್ಲಿಂದ ನೇರ ಬಾಡಿಯ ಲೋಹಕ್ಕೆ, ಹಾಗಾದರೆ ನಾಳೆ ಮೊದಲು ಆ ರಬ್ಬರ್ ನೋಡಬೇಕು.